ಟೆಸ್ಟ್ ಆಗದೆ ಸ್ವಿಚ್ ಒತ್ತಬಾರದು

ಟಣ್, ಟಣ್, ಆಮೇಲೆ ಸ್ವಲ್ಪ ಮೌನ, ಮತ್ತೆ ಟಣ್. ಮದ್ರಾಸಿನ ಮಾಧವರಂನಲ್ಲಿದ್ದ ಆ ಮನೆ ನೆನಪಾದರೆ ನನಗೆ ಮೊದಲು ಕೇಳಿಸುವುದು ಇದೇ. ನನ್ನ ತಂಗಿಯ ಗಂಡ ಸ್ಪ್ಯಾನರಿನಿಂದ ಪೈಪು ತಟ್ಟಿ ಅದರ ಉತ್ತರಕ್ಕೆ ಕಾಯುತ್ತಿದ್ದ ಸದ್ದು. ಆ ಮನುಷ್ಯನಿಗೆ ಸ್ವರ್ಗದ ಬಾಗಿಲು ತೆರೆದರೂ, ಕೀಲುಗಳನ್ನು ನಾಲ್ಕು ಸಲ ಆಡಿಸಿ ನೋಡದೆ ಒಳಗೆ ಕಾಲಿಡುವವರಲ್ಲ! ಹಿಂದೆ ಕ್ಯೂ ನಿಂತ ಪುಣ್ಯಾತ್ಮರ ಗತಿ ಏನು, ನೀವೇ ಹೇಳಿ.

ಅವರ ಕೆಲಸವೇ ಅದು. ದೊಡ್ಡ ಕಟ್ಟಡಗಳಲ್ಲಿ ಈಗ ಜಿಯೋಥರ್ಮಲ್ ಎಂದು ಬಂದಿದೆಯಲ್ಲ, ನೆಲದಾಳಕ್ಕೆ ಪೈಪು ಇಳಿಸಿ, ನೀರು ಸುತ್ತಿಸಿ, ಒಳಗಿನ ಸೆಕೆಯನ್ನು ಭೂಮಿಗೆ ಸಾಗಹಾಕುವ ವ್ಯವಸ್ಥೆ, ಅದನ್ನು ಕಮಿಷನಿಂಗ್ ಮಾಡುವವರು ಇವರು. ಎಂದರೆ, ಎಲ್ಲರ ಕೆಲಸ ಮುಗಿದ ಮೇಲೆ ಬಂದು, ಪೈಪಿನೊಳಗಿನ ಗಾಳಿಯನ್ನೆಲ್ಲ ಹೊರಗಟ್ಟಿ, ಒಂದೊಂದು ಕೋಣೆಯನ್ನೂ ಅಳೆದು, ಕೊನೆಗೆ "ಸರಿ" ಎನ್ನುವುದು. ಆ "ಸರಿ" ಬರುವಷ್ಟರಲ್ಲಿ ಕಟ್ಟಡದ ಮಾಲೀಕನಿಗೆ ಮೊಮ್ಮಕ್ಕಳಾಗಿರುತ್ತಿದ್ದರು!

ಒಮ್ಮೆ ನುಂಗಂಬಾಕ್ಕಂನ ಆಫೀಸೊಂದರಲ್ಲಿ ಮೆಷಿನ್ನಿಗೆ ಹೀಟಿಂಗ್ ಕೂಡ ಇತ್ತಂತೆ. ಮದ್ರಾಸಿನಲ್ಲಿ ಹೀಟಿಂಗ್! ಇದ್ದ ಮೇಲೆ ಟೆಸ್ಟ್ ಆಗಲೇಬೇಕು ಎಂದು ಇವರು ಹಟ ಹಿಡಿದರು. ಅದೂ ಮೇ ತಿಂಗಳಲ್ಲಿ. ಇಡೀ ಆಫೀಸು ಇಡ್ಲಿಯ ಹಾಗೆ ಬೆಂದಿತು. ಮ್ಯಾನೇಜರು ಟೈ ಕಿತ್ತು, ನಡು ಮಧ್ಯಾಹ್ನದ ರಸ್ತೆಗೆ ಓಡಿ ಬಂದು, "ಆಹಾ, ಎಷ್ಟು ತಂಪಾಗಿದೆ" ಎಂದರಂತೆ. ಇವರು ಮಾತ್ರ ಒಳಗೆ ಬೆವರು ಒರೆಸಿಕೊಳ್ಳುತ್ತ, "ಪರ್ಫೆಕ್ಟ್" ಎಂದರಂತೆ.

ಮನೆಯಲ್ಲೂ ಇದೇ ರೂಲು. ಹೊಸ ಕುಕ್ಕರು ಬಂದರೆ ಬರೀ ನೀರು ಹಾಕಿ ವಾರವಿಡೀ ಶಿಳ್ಳೆ ಹೊಡೆಸುತ್ತಿದ್ದರು. ಹೊಸ ಮಂಚದ ಮೇಲೆ ಮೊದಲು ಅಕ್ಕಿಮೂಟೆಗಳು ಮಲಗಬೇಕು, ಆಮೇಲೆ ಮನುಷ್ಯರು. ನನ್ನ ತಂಗಿಯ ನಾಲಿಗೆ ಗೊತ್ತಲ್ಲ, ಕಾನ್ವೆಂಟಿನಲ್ಲಿ ಸಿಸ್ಟರುಗಳೇ ಅವಳಿಗೆ ಹೆದರುತ್ತಿದ್ದರು! ಕಾಯಿಲೆ ಬಿದ್ದ ಮೇಲೂ ಅವಳು ನಗುನಗುತ್ತಲೇ ಅಂದಳು: "ಇವರು ಟೆಸ್ಟ್ ಮಾಡದೆ ಮನೆಗೆ ತಂದದ್ದು ನನ್ನನ್ನೊಬ್ಬಳನ್ನೇ ಕಣೇ ಅಕ್ಕಾ. ನೋಡು, ಕೆಟ್ಟು ಕೂತಿದ್ದೀನಿ."

ನರಗಳ ಕಾಯಿಲೆ. ಮೈ ಬಿಸಿಯಾದರೆ ನರಗಳು ಸೋಲುತ್ತವೆ ಎಂದಿದ್ದರು ಡಾಕ್ಟರು. ಮೊದಲು ಕಾಲು ಸೋತಿತು, ಆಮೇಲೆ ಕೈ, ಆಮೇಲೆ ಮಾತು. ಬೆಳಗಿನ ತಂಪಿನಲ್ಲಿ ಪಟಪಟ ಎನ್ನುತ್ತಿದ್ದವಳು ಹನ್ನೆರಡರ ಹೊತ್ತಿಗೆ ತೊದಲುತ್ತಿದ್ದಳು. ಮಧ್ಯಾಹ್ನ ಬರೀ ಕಣ್ಣು. ಎ.ಸಿ. ಇರಲಿಲ್ಲವೇ ಎಂದು ಕೇಳಬೇಡಿ, ಇತ್ತು. ಬೇಸಿಗೆಯಲ್ಲಿ ಆ ಬೀದಿಯ ವೋಲ್ಟೇಜು ಬೀಳುತ್ತಿತ್ತು, ಅದರ ಜೊತೆಗೆ ಎ.ಸಿ.ಯೂ ನಿಲ್ಲುತ್ತಿತ್ತು. ಅವಳ ಮಾತು ಉಳಿಯಬೇಕಾದರೆ ಆ ಕೋಣೆ ತಣ್ಣಗಿರಬೇಕು, ಅಷ್ಟೇ.

ಹಾಗಾಗಿ ಇವರು ಮನೆಯ ಹಿತ್ತಲಲ್ಲೇ ಬೋರ್ ಕೊರೆಯುವ ರಿಗ್ ತಂದು ನಿಲ್ಲಿಸಿದರು. ಭೂಮಿಗೆ ಸೆಕೆ ಬಿಡುವ ಪುಟ್ಟ ಮೆಷಿನ್ನು, ಕರೆಂಟು ಕಡಿಮೆ ಸಾಕು, ಇನ್ವರ್ಟರಿನಲ್ಲೂ ಓಡುತ್ತದೆ ಎಂದರು. ರಿಗ್ಗಿನ ಸದ್ದು ಕೇಳಿದ್ದೇ ತಡ, ಬೀದಿಯ ಹೆಂಗಸರೆಲ್ಲ ಪ್ಲಾಸ್ಟಿಕ್ ಕೊಡ ಹಿಡಿದು ಬಂದರು. "ತಣ್ಣಿ ವಂದಾಚ್ಚಾ ಸಾರ್?" ನೀರು ತೆಗೆಯುತ್ತಿಲ್ಲಮ್ಮ, ನಮ್ಮ ಮನೆಯ ಬಿಸಿಯನ್ನು ನೆಲಕ್ಕೆ ಕಳಿಸುತ್ತಿದ್ದೇನೆ ಎಂದು ಇವರು ತಮಿಳಿನಲ್ಲಿ ವಿವರಿಸಿದರು. ಪಕ್ಕದ ಮನೆಯಾಕೆ ಖಾಲಿ ಕೊಡವನ್ನು ಸೊಂಟಕ್ಕೆ ಏರಿಸಿಕೊಂಡು, ಈ ಊರಿನ ನೆಲಕ್ಕೆ ಇದ್ದ ಬಿಸಿ ಸಾಲದಾಗಿತ್ತೇ ಎಂದು ಕೇಳಿ ಹೊರಟುಹೋದಳು.

ಪೈಪು ಇಳಿಯಿತು, ಮೆಷಿನ್ನು ಕೂತಿತು. ಮೇ ತಿಂಗಳ ಸುಡು ಸುಡು ಕತ್ತರಿ ಬಿಸಿಲೂ ಶುರುವಾಯಿತು. ಸ್ವಿಚ್ ಮಾತ್ರ ಒತ್ತಲಿಲ್ಲ! ಪೈಪಿನಲ್ಲೆಲ್ಲೋ ಗಾಳಿ ಉಳಿದಿದೆಯಂತೆ. ದಿನಾ ನೀರು ನುಗ್ಗಿಸುವುದು, ತಟ್ಟುವುದು, ಕಿವಿ ಇಡುವುದು, ತಲೆ ಅಲ್ಲಾಡಿಸುವುದು. ಒಳಗೆ ಅವಳ ತಲೆಯ ಮೇಲೆ ಒದ್ದೆ ಟವೆಲ್ಲು ಒಣಗುತ್ತಿತ್ತು. ಟಿ. ನಗರದಿಂದ ಹೋಗಿದ್ದ ನಾನು ರೇಗಿದೆ. "ಅವಳಿಗೆ ಬೇಕಾದ್ದು ನಿಮ್ಮ ಪರ್ಫೆಕ್ಷನ್ ಅಲ್ಲ. ಒಂದಿಷ್ಟು ತಣ್ಣಗಿನ ಗಾಳಿ."

ಅವರು ಸ್ಪ್ಯಾನರು ಕೆಳಗಿಟ್ಟರು. "ಅಕ್ಕಾ, ಗಾಳಿ ಉಳಿದರೆ ಪಂಪು ಸುಟ್ಟುಹೋಗುತ್ತೆ. ಇನ್ನೊಂದು ತರಿಸೋ ಹೊತ್ತಿಗೆ ಬೇಸಿಗೆ ಮುಗಿದಿರುತ್ತೆ. ಅವಳಿಗೆ ಇನ್ನೊಂದು ಬೇಸಿಗೆ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ."

ನಾನು ಒಳಗೆ ಹೋಗಿ ಅವಳ ಟವೆಲ್ಲನ್ನು ಮತ್ತೆ ಒದ್ದೆ ಮಾಡಿದೆ.

ಅದೇ ಮಧ್ಯಾಹ್ನ ಅವಳು ಏನೋ ಹೇಳಲು ಹೊರಟಳು. ತುಟಿ ಆಡಿತು, ದನಿ ಬರಲಿಲ್ಲ. ಇವರು ಬಗ್ಗಿ ಕಿವಿ ಹತ್ತಿರ ಹಿಡಿದರು. ಅವಳು ಮತ್ತೆ ಯತ್ನಿಸಿದಳು. ಏನೂ ಇಲ್ಲ. ಹಾಗೆಯೇ ಬಗ್ಗಿಕೊಂಡು ಬಹಳ ಹೊತ್ತು ಇದ್ದರು. ಆಮೇಲೆ ಎದ್ದು ಹಿತ್ತಲಿಗೆ ಹೋಗಿ, ಯಾರನ್ನೂ ನೋಡದೆ, ಟೆಸ್ಟ್ ಆಗದ ಮೆಷಿನ್ನಿನ ಸ್ವಿಚ್ ಒತ್ತಿದರು. ಪೈಪು ಹೊಟ್ಟೆ ಕೆಟ್ಟವರ ಹಾಗೆ ಗುಳುಗುಳು ಎಂದಿತು. ಅವರ ಮುಖ ಹಿಂಡಿದಂತಾಯಿತು, ಆದರೆ ನಿಲ್ಲಿಸಲಿಲ್ಲ.

ಪಂಪು ಅವರು ಹೇಳಿದ ಹಾಗೆಯೇ ಸುಟ್ಟುಹೋಯಿತು. ಆದರೆ ಆ ದಿನ ಅಲ್ಲ.

ಆ ದಿನ ಕೋಣೆ ನಿಧಾನವಾಗಿ ತಣ್ಣಗಾಯಿತು. ನಾಲ್ಕರ ಹೊತ್ತಿಗೆ ಅವಳ ಬೆರಳುಗಳು ಹೊದಿಕೆಯ ಅಂಚು ಹಿಡಿದವು. ಇನ್ನೂ ಸ್ವಲ್ಪ ಹೊತ್ತಿಗೆ, ಗಂಟಲು ಸರಿಮಾಡಿಕೊಂಡು, ಸ್ಪಷ್ಟವಾಗಿ ಕೇಳಿದಳು: "ಊಟ ಆಯ್ತೇನ್ರೀ?"

ಆಗಿರಲಿಲ್ಲ. ನಾನು ತಟ್ಟೆ ಹಾಕಿಕೊಟ್ಟೆ. ಅವಳ ಮಂಚದ ಪಕ್ಕದಲ್ಲೇ ನೆಲದ ಮೇಲೆ ಕೂತು ತಿನ್ನತೊಡಗಿದರು. ಅವಳೋ, ಎಷ್ಟು ದಿನದಿಂದ ಕಟ್ಟಿಟ್ಟಿದ್ದಳೋ, ಶುರು ಮಾಡಿದಳು! ಪಕ್ಕದ ಮನೆಯ ರೇಡಿಯೋ, ನರ್ಸಿನ ಒರಟು ಕೈ, ನನ್ನ ಸೀರೆಯ ಭಯಂಕರ ಬಣ್ಣ, ಒಬ್ಬರನ್ನೂ ಬಿಡಲಿಲ್ಲ. ಕೊನೆಗೆ ಗಂಡನ ತಟ್ಟೆಗೇ ಬಂದಳು. ಹುಳಿ ಮುಗಿಯುವ ಮುಂಚೆ ಮಜ್ಜಿಗೆ ಸುರಿದುಕೊಳ್ಳುತ್ತೀರಲ್ಲ, ಮದುವೆಯಾದಾಗಿನಿಂದ ಹೇಳುತ್ತಿದ್ದೇನೆ, ಎಂದು ತರಾಟೆಗೆ ತೆಗೆದುಕೊಂಡಳು. ಇವರು ತಲೆ ತಗ್ಗಿಸಿಕೊಂಡು, ಕಣ್ಣೀರು ಬೀಳುತ್ತಿದ್ದ ಅದೇ ತಟ್ಟೆಯಲ್ಲಿ ಮಜ್ಜಿಗೆ ಕಲಸುತ್ತಿದ್ದರು.

ಕತ್ತಲಾಗುವ ಮುಂಚೆ ನಾನು ಬಸ್ಸು ಹಿಡಿಯಬೇಕಿತ್ತು. ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ತಿರುಗಿ ನೋಡಿದೆ. ಬರುತ್ತೇನೆ ಎನ್ನಲು ನನಗೆ ಸಂದು ಸಿಗಲಿಲ್ಲ. ಅವಳು ವಾಕ್ಯದ ನಡುವಿನಲ್ಲಿದ್ದಳು, ಒಂದು ಕೈ ಗಂಡನ ತಲೆಯ ಮೇಲಿತ್ತು. ನಡುವೆ ಮಾತಾಡುವುದು ಬ್ಯಾಡ್ ಮ್ಯಾನರ್ಸ್ ಎಂದು ಸುಮ್ಮನೆ ಮೆಟ್ಟಿಲಿಳಿದೆ. ನಾನು ಅವಳನ್ನು ನೋಡಿದ್ದು ಅದೇ ಕೊನೆ.