ಎಮ್ಮೆ ಕೇಳಿದವರಿಗೆ ಕುದುರೆ

ಎಮ್ಮೆ ಕೇಳಿದವರಿಗೆ ನಾವು ಎಮ್ಮೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಕೊಟ್ಟೆವು. ಇದು ತಪ್ಪು. ನಾವು ಎಂದರೆ ಬೀದರಿನ ನಮ್ಮ ಪರಿಹಾರ ಸಮಿತಿ. ನಾನೂ ಅದರಲ್ಲಿದ್ದೆ.

ಮಾಂಜ್ರಾ ನದಿ ದಡದ ಒಂದು ಊರೊಳಗೆ ಹೊಕ್ಕು ಮನೆ, ದನ ಎಲ್ಲ ಕೊಚ್ಚಿಕೊಂಡು ಹೋದ ಮೇಲೆ ಆ ಊರಿನವರನ್ನು ಔರಾದ ತಾಲ್ಲೂಕಿನ ಸಂತಪುರದ ಹೊರಗೆ ತಗಡಿನ ಶೆಡ್ಡುಗಳಲ್ಲಿ ಇಟ್ಟಿದ್ದರು. ಕೊನೆಯ ಶೆಡ್ಡಿನ ಅಕ್ಕನಿಗೆ ಎರಡು ಎಮ್ಮೆ ಇದ್ದವು, ಹೋದವು. ಸಂತಪುರದ ಚಹಾ ಹೋಟೆಲಿಗೆ ದಿನಾ ಹಾಲು ಹಾಕುತ್ತಿದ್ದಳು. ಹೋಟೆಲಿನ ಚಾಚಾ ತಿಂಗಳ ಕೊನೆಯವರೆಗೆ ಕಾಯುತ್ತೇನೆ, ಆಮೇಲೆ ಪ್ಯಾಕೆಟ್ ಹಾಲಿನವನಿಗೆ ಮಾತು ಕೊಡುತ್ತೇನೆ ಎಂದಿದ್ದ. ಅಷ್ಟರೊಳಗೆ ಒಂದು ಹಾಲೆಮ್ಮೆ ಕೊಡಿಸುವುದು ನಮ್ಮ ಕೆಲಸ. ದಾನದ ಕೆಲಸಕ್ಕೆ ಇಳಿದು ನೋಡಿ, ನಗೆಯ ಪ್ರಸಂಗ ಹುಡುಕಿಕೊಂಡು ಹೋಗಬೇಕಿಲ್ಲ. ತಾವಾಗಿಯೇ ಬಾಲ ಅಲ್ಲಾಡಿಸುತ್ತ ಬರುತ್ತವೆ.

೧. ಬಾಲದ್ದು

ನೌಬಾದದಲ್ಲಿ ಒಂದು ಎರಡಂತಸ್ತಿನ ಮನೆ. ನಿರಾಶ್ರಿತರಿಗೆ ದನಕರು ಕೊಡಿಸುತ್ತಿದ್ದೇವೆ, ಕೈಲಾದದ್ದು ಕೊಡಿ ಎಂದೆ. ಯಜಮಾನರ ಕಣ್ಣು ತುಂಬಿ ಬಂತು. ರೊಕ್ಕ ಯಾಕೆ, ಪ್ರಾಣಿಯನ್ನೇ ಕೊಡುತ್ತೇನೆ ಎಂದು ಒಳಗೆ ಹೋದರು. ಹೊರಗೆ ತಂದದ್ದು ಕರುವಿನಷ್ಟು ದಪ್ಪದ, ಹಳದಿ ಕೂದಲಿನ ವಿಲಾಯತಿ ನಾಯಿ. ನನ್ನ ಹೆಗಲ ಮೇಲೆ ಎರಡೂ ಕಾಲಿಟ್ಟು ಮುಖ ನೆಕ್ಕಿತು.

“ಸಾಹೇಬ್ರ, ಅವರಿಗಿ ಹಾಲಿಂದು ಬೇಕಾಗ್ಯಾದ್ರಿ,” ಎಂದೆ.

“ಹಾಲಿಂದೇ ಅದ ತಗೋರಿ,” ಎಂದರು. “ದಿನಾ ಒಂದು ಲೀಟರ್ ಕುಡಿತದ.”

೨. ಹಲ್ಲಣದ್ದು

ಬೀದರಿನ ಬ್ಯಾಂಡಿನ ಮಾಲೀಕರೊಬ್ಬರು ಮದುಮಕ್ಕಳ ಮೆರವಣಿಗೆಗೆ ಹೂವಿನ ಕಾರು ಕೊಂಡರು. ಹಳೆಯ ಬಿಳಿ ಕುದುರೆಗೆ ಕೆಲಸ ಹೋಯಿತು. ಸಮಿತಿಯವರು ನನ್ನನ್ನು ಕೇಳದೆ ಅದನ್ನು ಬೆನ್ನ ಮೇಲಿನ ಜರಿಯ ಹಲ್ಲಣದ ಸಮೇತ ಟೆಂಪೋಕ್ಕೆ ಹತ್ತಿಸಿ, ಫೋಟೋ ತೆಗೆಸಿಕೊಂಡು, ಸಂತಪುರಕ್ಕೆ ಕಳಿಸಿಯೇ ಬಿಟ್ಟರು.

ಕೊನೆಯ ಶೆಡ್ಡಿನ ಅಕ್ಕ ಕುದುರೆಯನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ನನ್ನನ್ನೂ ಹಾಗೇ ನೋಡಿದಳು.

“ತಮ್ಮಾ, ನನ್ನ ಮದಿವಿ ಆಗಿ ಹೋಗ್ಯಾದೋ. ಇದರ ಮ್ಯಾಲ ಈಗ ಯಾರು ಕೂಡಬೇಕು?”

ಅದೇ ಸಂಜೆ ರಸ್ತೆಯಲ್ಲಿ ಯಾರದೋ ಮದುವೆಯ ಬ್ಯಾಂಡ್ ಬಂತು. ಕುದುರೆ ಕಿವಿ ನಿಮಿರಿಸಿ, ಹಗ್ಗ ಹರಿದುಕೊಂಡು ಹೋಗಿ ಮದುಮಗನ ಜೀಪಿನ ಮುಂದೆ ನಿಂತು ಕುಣಿಯತೊಡಗಿತು. ಹೆಣ್ಣಿನವರು, ಇದು ಗಂಡಿನವರು ತಂದದ್ದೆಂದು, ಅದಕ್ಕೆ ಆರತಿ ಎತ್ತಿದರು. ಗಂಡಿನವರು, ಇದು ಹೆಣ್ಣಿನವರು ಮಾಡಿದ ಮರ್ಯಾದೆ ಎಂದು ಬೀಗಿದರು. ಕುದುರೆ ಎರಡೂ ಕಡೆಯ ಬೂಂದಿ ತಿಂದಿತು.

ಮರುದಿನ ಮದುಮಗನ ಅಪ್ಪ ಕುದುರೆ ಹಿಡಿದುಕೊಂಡು ಶೆಡ್ಡಿಗೆ ಬಂದ. ನಾವು ಬೈಗುಳಕ್ಕೆ ತಯಾರಾಗಿ ನಿಂತೆವು. ಅವನು ಸಣ್ಣ ಮಗನ ಮದುವೆಯೂ ಗೊತ್ತಾಗಿದೆ, ಕುದುರೆ ಬೇರೆ ಯಾರಿಗೂ ಕೊಡಬೇಡಿ ಎಂದು ಕೈ ಮುಗಿದು ಹೋದ. ಎಮ್ಮೆಯ ಸುಳಿವಿಲ್ಲ, ಕುದುರೆಗೆ ಬುಕಿಂಗ್ ಶುರುವಾಯಿತು.

೩. ಟವೆಲಿನದ್ದು

ತಿಂಗಳು ಮುಗಿಯುತ್ತ ಬಂತು. ನಾನು ಸಮಿತಿಯ ಅಧ್ಯಕ್ಷರನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಭಾಲ್ಕಿಯ ದನದ ಸಂತೆಗೆ ಹೋದೆ. ಇವರು ಎರಡು ಸಲ ಚುನಾವಣೆಗೆ ನಿಂತು ಸೋತವರು. ಸೋತರೂ ಕಂಡಕಂಡವರ ಕೈ ಕುಲುಕುವ ಚಟ ಬಿಟ್ಟಿಲ್ಲ.

ಅಲ್ಲಿ ದನದ ದರ ಬಾಯಿಂದ ಹೇಳುವುದಿಲ್ಲ. ದಲಾಲಿ ಟವೆಲ್ ಹೊದಿಸಿ ಅದರ ಕೆಳಗೆ ಕೈ ಚಾಚುತ್ತಾನೆ. ಅವನ ಎಷ್ಟು ಬೆರಳು ಹಿಡಿದರೆ ಅಷ್ಟು ದರ. ದಲಾಲಿ ಕೈ ಚಾಚಿದ್ದೇ ತಡ, ಅಧ್ಯಕ್ಷರು ಎರಡೂ ಕೈಯಿಂದ ಆ ಕೈ ಹಿಡಿದು ಗದಗದ ಕುಲುಕಿ, ಮನೆಯಲ್ಲಿ ಎಲ್ಲರೂ ಆರಾಮವೇ ಎಂದು ವಿಚಾರಿಸಿದರು.

ದಲಾಲಿ ದಂಗಾದ. ಆಮೇಲೆ ಬಲು ಗೌರವದಿಂದ ಹೇಳಿದ:

“ಸಾಹೇಬ್ರ, ನೀವು ಹಿಡಿದ ರೇಟಿಗಿ ಎಮ್ಮಿ ಅಷ್ಟೇ ಅಲ್ರಿ, ಅದರ ಮಾಲಕನೂ ಗಂಟು ಕಟ್ಕೊಂಡು ನಿಮ್ಮ ಮನಿಗಿ ಬರ್ತಾನ.”

ನಾನು ಟವೆಲ್ ಕಿತ್ತು ನನ್ನ ಹೆಗಲಿಗೆ ಹಾಕಿಕೊಂಡೆ. ಊರಿಗೆಲ್ಲ ಕೇಳುವಂತೆ ಬಾಯಿಂದಲೇ ದರಕ್ಕೆ ಜಗಳಾಡಿ, ಕರು ಹಾಕಿ ತಿಂಗಳಾದ ಎಮ್ಮೆಯನ್ನು ಕರುವಿನ ಸಮೇತ ಕೊಂಡು ಹೊರಡಿಸಿದೆ. ಅಧ್ಯಕ್ಷರು ಹೊರಡುವಾಗ ಎಮ್ಮೆಯ ಮಾಲೀಕನ ಕೈಯನ್ನೂ ಕುಲುಕಲು ಹೋದರು. ಅವನು ಕೈ ಜೇಬಿನಲ್ಲಿಟ್ಟುಕೊಂಡ.

೪. ಕಪ್ಪಿನದ್ದು

ಎಮ್ಮೆ ನೇರ ಶೆಡ್ಡಿಗೆ ಹೋಗಬೇಕಿತ್ತು. ಸಮಾರಂಭ ಇಲ್ಲದೆ ಹೇಗೆ ಎಂದು ಸಮಿತಿ ಔರಾದದಲ್ಲಿ ಪೆಂಡಾಲ್ ಹಾಕಿಸಿತು. ಅದು ತಿಂಗಳ ಕೊನೆಯ ದಿನ. ಸಂಜೆಯ ಚಹಾಕ್ಕೆ ಹಾಲು ಮುಟ್ಟದಿದ್ದರೆ ಹೋಟೆಲಿಗೆ ದಿನಾ ಹಾಲು ಹಾಕುವ ಅಕ್ಕನ ವರ್ತನೆ ಮುಗಿಯಿತು. ಅವಳು ಬಸ್ಸಿನಲ್ಲಿ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು.

ಮುಖ್ಯ ಅತಿಥಿ ತಡವಾಗಿ ಬಂದರು. ಅವರಿಗೆ ತಂದ ಹಾರವನ್ನು ಎಮ್ಮೆ ಅಷ್ಟರಲ್ಲಿ ಅರ್ಧ ತಿಂದಿತ್ತು. ಉಳಿದರ್ಧವನ್ನು ಹಾಕಿಕೊಂಡು ಅವರು ಕ್ಷೀರಕ್ರಾಂತಿಯ ಮೇಲೆ ಭಾಷಣ ಹಿಡಿದರು. ಹಿಂಡುವ ಹೊತ್ತು ಮೀರಿತು. ಕೆಚ್ಚಲು ಬಿಗಿದು ಎಮ್ಮೆ ವೇದಿಕೆಯ ಮೇಲೆಯೇ ಒದರತೊಡಗಿತು. ಅಕ್ಕ ಸೆರಗು ಸಿಕ್ಕಿಸಿಕೊಂಡು ಮೇಲೆ ಹತ್ತಿದಳು.

“ನೀವು ಮಾತಾಡ್ರಿ ಸಾಹೇಬ್ರ. ನಾ ಹಿಂಡ್ಕೋತೀನಿ.”

ಪಾತ್ರೆ ಇಲ್ಲ. ಅತಿಥಿಗೆ ಪ್ರಶಸ್ತಿಯಾಗಿ ಕೊಡಲು ತಂದ ಬಕೆಟ್ಟಿನಂಥ ಸ್ಟೀಲಿನ ಕಪ್ ಮೇಜಿನ ಮೇಲಿತ್ತು. ಅವರ ನೀರಿನ ಬಾಟಲಿಯಿಂದಲೇ ಅದನ್ನು ತೊಳೆದು, ಕರು ಬಿಟ್ಟು, ಕುಕ್ಕರಗಾಲಿನಲ್ಲಿ ಕೂತಳು. ಒಂದು ಮೈಕು ಅಲ್ಲೇ ಪಕ್ಕದಲ್ಲಿತ್ತು. ಚುರ್ ಚುರ್ ಸದ್ದು ಔರಾದಕ್ಕೆಲ್ಲ ಕೇಳಿತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅತಿಥಿಗಳು ಅದು ತಮಗೇ ಎಂದು ತಿಳಿದು ಭಾಷಣ ಇನ್ನಷ್ಟು ಉದ್ದ ಮಾಡಿದರು.

ಕಪ್ ತುಂಬಿದ್ದೇ ಅಕ್ಕ ಅದಕ್ಕೆ ಸೆರಗು ಮುಚ್ಚಿಕೊಂಡು ನನ್ನ ಬೈಕಿನ ಹಿಂದೆ ಕೂತಳು. ಎಮ್ಮೆ, ಕರು ಟೆಂಪೋದಲ್ಲಿ ಹಿಂದಿನಿಂದ ಬಂದವು. ಸಂತಪುರದಲ್ಲಿ ಚಾಚಾ ಪ್ಯಾಕೆಟ್ ಕತ್ತರಿಸಲು ಕತ್ತರಿ ಎತ್ತಿದ್ದ. ಹಾಲು ನೋಡಿ ಕತ್ತರಿ ಕೆಳಗಿಟ್ಟ. ಹಾಲನ್ನು ಪಾತ್ರೆಗೆ ಸುರಿದು ಕಪ್ಪಿನ ಮೇಲಿನ ಅಕ್ಷರ ಓದಿದ.

“ಅಕ್ಕಾ, ‘ಜನಸೇವಾ ಶಿರೋಮಣಿ’ ಅಂತ ಬರದಾರ. ಇದು ಎಮ್ಮಿಗಿ ಕೊಟ್ಟಾರೇನು?”

“ಹೌದು ಚಾಚಾ,” ಎಂದಳು ಅಕ್ಕ. “ಈ ಸಲ ಖರೇ ಸೇವಾ ಮಾಡಿದವರಿಗೇ ಕೊಟ್ಟಾರ.”

ಅವಳ ಹಾಲಿನ ವರ್ತನೆ ಉಳಿಯಿತು. ಉಳಿದ ಶೆಡ್ಡುಗಳ ಮುಂದೆ ಗೂಟ ಹೊಡೆದು ಇಟ್ಟಿದ್ದಾರೆ, ಕಟ್ಟಲು ಏನೂ ಇಲ್ಲ. ನಕ್ಕಿರಲ್ಲ, ಈಗ ಏಳಿ. ನಿಮ್ಮ ಓಣಿಯವರನ್ನು ಕೂಡಿಸಿ, ಸಂತೆಗೆ ಹೋಗಿ, ಹಾಲು ಕೊಡುವ ಒಂದು ಎಮ್ಮೆಯನ್ನು ಎಲ್ಲೂ ನಿಲ್ಲಿಸದೆ ನೇರ ಆ ಗೂಟಕ್ಕೆ ತಂದು ಕಟ್ಟಿ.