ಸಾಲಿನ ನಡುವಿನ ಜಾಗ

ಬುನ್‌ಲ್ಯೂನ ಬೈಕಿನ ಮುಂದೀಪಕ್ಕೆ ಅವನ ಹೆಂಡತಿ ಚಮ್ನಿಯನ್ ಬೆಳಗ್ಗೆಯೇ ಟೂತ್‌ಪೇಸ್ಟ್ ಹಚ್ಚಿ ಉಜ್ಜಿದಳು. ವರ್ಷಗಳ ಧೂಳು, ಹುಳುಗಳ ರೆಕ್ಕೆ ಎಲ್ಲ ಹೋಗಿ ಗಾಜು ಆಗಷ್ಟೇ ಬೋಳಿಸಿದ ಭಿಕ್ಷುವಿನ ತಲೆಯಂತೆ ಹೊಳೆಯಿತು.

"ಇನ್ಮೇಲೆ ಕತ್ತಲಲ್ಲಿ ನಿಮಗೆ ಎಲ್ಲ ಕಾಣತ್ತೆ," ಅಂದಳು.

ಬುನ್‌ಲ್ಯೂಗೆ ಅಳು ಬಂತು. ಆ ಮಬ್ಬು ಗಾಜನ್ನು ಅವನು ಜೋಪಾನ ಮಾಡಿಕೊಂಡು ಬಂದಿದ್ದ. ಅವನು ಕೆಲಸ ಮಾಡುವ ಪೊಂಗ್ ನಾಮ್ ರೋನ್‌ನ ಹಣ್ಣಿನ ಶೆಡ್ಡಿನಿಂದ ಊರಿನ ದಾರಿ ಕಾಡೊಳಗೆ ಹಾಯುತ್ತದೆ. ಮುಸ್ಸಂಜೆಗೆ ಆನೆಗಳು ಅದನ್ನು ದಾಟುತ್ತವೆ. ಅದಕ್ಕೇ ಕೆಲಸದವರೆಲ್ಲ ಬೈಕುಗಳ ಸಾಲು ಕಟ್ಟಿಕೊಂಡು ಹೊರಡುತ್ತಾರೆ. ಹೆಚ್ಚು ಬೆಳಕಿನ ದೀಪ ಮುಂದೆ, ಮಂಕು ದೀಪ ನಡುವೆ. ಹೋದ ವರ್ಷ ಆನೆಯೊಂದು ಯಾರದೋ ಬೈಕನ್ನು ಒಣಗಿಸಿ ಒತ್ತಿದ ಬೊಂಡಾಸ್ ಮೀನಿನಂತೆ ಚಪ್ಪಟೆ ಮಾಡಿದ್ದನ್ನು ನೋಡಿದ ಮೇಲೆ, ಸಾಲಿನ ನಡುವಿನ ಜಾಗವೇ ಬುನ್‌ಲ್ಯೂನ ಪ್ರಾಣವಾಗಿತ್ತು.

ಊಟದ ಬಿಡುವಿನಲ್ಲಿ ಅವನು ಗಾಜಿಗೆ ಕೆಸರು ಬಳಿದು ಬಂದ. ಹಣ್ಣು ವಿಂಗಡಿಸುವ ಬುವಾಲಿಯ ಕಣ್ಣಿಗೆ ಅದು ಬಿತ್ತು.

"ಯಾವ ಪೋಲಿ ಮಾಡಿದ್ದು ಇದು, ಬುನ್‌ಲ್ಯೂ ಅಣ್ಣ? ಪಾಪ, ಅಕ್ಕ ಎಷ್ಟು ಕಷ್ಟಪಟ್ಟು ಉಜ್ಜಿದ್ರು. ನಂಗೆ ಫೋಟೋನೂ ಕಳಿಸಿದ್ರು." ತನ್ನ ತಲೆವಸ್ತ್ರ ಬಿಚ್ಚಿ ಅವಳೇ ಒರೆಸಿದಳು.

ಕೆಲಸ ಮುಗಿಯುತ್ತಲೇ ಅವನು ದೀಪದ ವೈರು ಕೀಳಲು ಕೂತ. ಸಾಲಿನ ಮುಂದಾಳು, ಮುದುಕ ಸಮ್ರಾನ್, ಬೆನ್ನ ಹಿಂದೆ ಬಂದು ನಿಂತ.

"ವೈರು ಸಡಿಲವೇನೋ? ಸರಿ ಆಚೆ. ಬಲ್ಬೂ ಹಳೇದು. ನನ್ನ ಹತ್ರ ಹೊಸದೊಂದಿದೆ, ಹಾಕ್ತೀನಿ."

"ಬೇಡ ಮಾವ, ನಿಮಗೇ ಬೇಕಾಗತ್ತೆ."

"ಸಂಕೋಚ ಪಡಬೇಡ. ನಿನ್ನ ಸಂಕೋಚ ನಂಗೊತ್ತು."

ಯಾರದು ಹೆಚ್ಚು ಬೆಳಕು ಎಂದು ನೋಡಲು ಎಂದಿನಂತೆ ಎಲ್ಲರೂ ದೀಪ ಹಚ್ಚಿ ಶೆಡ್ಡಿನ ಗೋಡೆಗೆ ಹಿಡಿದರು. ಹೊಸ ಬಲ್ಬಿನಿಂದ ಬುನ್‌ಲ್ಯೂನದು ಹುಣ್ಣಿಮೆ ಚಂದ್ರನಂತೆ ಮೂಡಿತು. ಎಲ್ಲರೂ ಪಕ್ಕಕ್ಕೆ ಸರಿದು ಅವನಿಗೆ ಸಾಲಿನ ಮುಂದಿನ ಜಾಗ ಬಿಟ್ಟರು.

ಕಾಡಿನ ತಿರುವಿನಲ್ಲಿ ರಸ್ತೆಗೆ ಅಡ್ಡವಾಗಿ ಬಿದಿರು ಮೆಳೆ ಕಂಡಿತು. ಮೆಳೆ ಕಿವಿ ಬೀಸಿತು.

ಅಂಥ ಹೊತ್ತಿನಲ್ಲಿ ಹಾರ್ನ್ ಹೊಡೆಯಬಾರದು, ದೀಪ ಮಿಟುಕಿಸಬಾರದು, ಮೆಲ್ಲಗೆ ಹಿಂದಕ್ಕೆ ತಿರುಗಬೇಕು. ಹಿಂದಿನವರೆಲ್ಲ ಹಾಗೇ ತಿರುಗಿದರು.

"ತಿರುಗಿಸೋ," ಸಮ್ರಾನ್ ಪಿಸುಗುಟ್ಟಿದ.

ಬುನ್‌ಲ್ಯೂನ ಕೈಕಾಲು ಅವನ ಮಾತು ಕೇಳಲಿಲ್ಲ. ಬೆಳಕು ಅಲುಗದೆ ನಿಂತಿತ್ತು. ಆನೆ ಆ ಬೆಳಕನ್ನು ಬಹಳ ಹೊತ್ತು ನೋಡಿತು. ಅವನು ಮನಸ್ಸಿನಲ್ಲೇ ಹೆಂಡತಿಗೆ ವಿದಾಯ ಹೇಳಿ, ಟೂತ್‌ಪೇಸ್ಟಿನ ವಿಷಯಕ್ಕೆ ಅವಳನ್ನು ಕ್ಷಮಿಸಿಯೂ ಬಿಟ್ಟ. ಆಮೇಲೆ ಆನೆ ತಲೆ ಕೊಡವಿ, ರಸ್ತೆ ದಾಟಿ ಕಾಡಿಗಿಳಿಯಿತು.

ಊರಂಚಿನ ನೂಡಲ್ ಅಂಗಡಿಯ ಮುಂದೆ ಹ್ಯಾಂಡಲಿನಿಂದ ಅವನ ಬೆರಳುಗಳನ್ನು ಬಿಡಿಸಲು ಇಬ್ಬರು ಬೇಕಾದರು.

"ಹಿಡಿತ ಅಂದ್ರೆ ಇದು," ಅಂದಳು ಬುವಾಲಿ. "ನಾವೆಲ್ಲ ಬೆನ್ನು ತಿರುಗಿಸಿದ್ವಿ. ಅಣ್ಣ ಒಬ್ರೇ ಗೋಡೆ ಥರ ನಿಂತ್ರು."

ಬಿಸಿ ಸಾರು ಒಳಗಿಳಿದ ಮೇಲೆ ಬುನ್‌ಲ್ಯೂಗೆ ಬುದ್ಧಿ ಮರಳಿತು. ಎದ್ದು ಸಮ್ರಾನನಿಗೆ ಕೈಮುಗಿದ.

"ಮಾವ, ನೀವಿರುವಾಗ ನಾನು ಮುಂದೆ ಹೋಗೋದು ತಪ್ಪು. ಈ ಬಲ್ಬು ನಿಮ್ಮ ಬೈಕಿಗೇ ಇರಲಿ. ನನಗೆ ನನ್ನ ಹಳೇದೇ ಸಾಕು."

ಅಲ್ಲೇ ಸ್ಕ್ರೂಡ್ರೈವರ್ ಇಸಿದುಕೊಂಡು ಬಲ್ಬು ಬದಲಾಯಿಸಿದ. ಅವನ ದೀಪ ಮತ್ತೆ ಮಿಣುಕುಹುಳುವಾಯಿತು. ಇಡೀ ದಿನದಲ್ಲಿ ಆಗಲೇ ಅವನು ನೆಮ್ಮದಿಯ ಉಸಿರು ಬಿಟ್ಟದ್ದು.

ಸಮ್ರಾನನ ಕಣ್ಣು ಒದ್ದೆಯಾಯಿತು. ಅವನು ಎಲ್ಲರ ಕಡೆ ತಿರುಗಿದ.

"ನೋಡಿದ್ರಾ? ದೊಡ್ಡ ದೀಪಾನೂ ಬೇಡ ಇವನಿಗೆ. ಇಷ್ಟು ದಿನ ನಾವು ಗೋಡೆ ನೋಡಿ ಮುಂದಾಳು ಆರಿಸಿದ್ದೇ ತಪ್ಪು. ನಾಳೆಯಿಂದ ದೀಪ ಎಂಥದ್ದೇ ಇರಲಿ, ಮುಂದೆ ಬುನ್‌ಲ್ಯೂನೇ."

ಎಲ್ಲರೂ ತಲೆಯಾಡಿಸಿದರು. ಬುನ್‌ಲ್ಯೂ ಮತ್ತೆ ಹ್ಯಾಂಡಲನ್ನು ಬಿಗಿಯಾಗಿ ಹಿಡಿದುಕೊಂಡ.

"ಹೆದರಬೇಡ ಮಗಾ," ಸಮ್ರಾನ್ ಅವನ ಭುಜ ತಟ್ಟಿದ. "ನಾನು ಹಿಂದಿನಿಂದ ನಿನ್ನ ಮೇಲೇ ಬೆಳಕು ಬಿಟ್ಕೊಂಡು ಬರ್ತೀನಿ. ಆನೆಗೆ ನೀನು ಚೆನ್ನಾಗಿ ಕಾಣಬೇಕಲ್ಲ."