ಬಲಕ್ಕೆ ತಿರುಗದ ಮಷೀನು

ಮಣ್ಣು ತೋಡುವ ಹಳೆಯ ಮಷೀನೊಂದನ್ನು ಆರಿಸಿ ಕೊಳ್ಳುವುದು ಅಂಥ ಘನವಾದ ಕೆಲಸವೇನಲ್ಲ ಎಂದು ನಾನು ಆಗ ದೃಢವಾಗಿ ನಂಬಿದ್ದೆ. ನಂಬಲು ಕಾರಣವೂ ಇತ್ತು. ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಮಾಸ್ತರ. ಭೂಮಿಯ ಹೊಟ್ಟೆಯೊಳಗೆ ಏನೇನಿದೆ ಎಂಬುದನ್ನು ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ನನ್ನಷ್ಟು ಚೆಂದ ಬರೆದು ತೋರಿಸುವವರು ಗುಲಬರ್ಗಾದಲ್ಲಿ ಇನ್ನೊಬ್ಬರಿರಲಿಲ್ಲ. (ಹೌದು, ಆಗಿನ್ನೂ ನಮ್ಮ ಕಲಬುರಗಿ ಎಲ್ಲರ ಬಾಯಲ್ಲೂ ಗುಲಬರ್ಗಾ. ತೊಂಬತ್ತರ ದಶಕದ ಮಾತಿದು.) ಹೊಟ್ಟೆಯೊಳಗಿನದೇ ಗೊತ್ತಿದ್ದವನಿಗೆ ಅದನ್ನು ಬಗೆಯುವ ಮಷೀನು ಯಾವ ಲೆಕ್ಕ?

ಚಿನ್ನದ ಹುಚ್ಚು ಹಿಡಿದದ್ದು ಹೆಂಡತಿಯ ತವರಿನಲ್ಲಿ. ಸರೋಜಳ ತವರು ಕಮಲಾಪುರ. ನಮ್ಮ ಮಾವನವರು ಅಲ್ಲಿ ಎರಡು ವಿಷಯಕ್ಕೆ ಹೆಸರಾದವರು. ಒಂದು, ರಸ್ತೆಗೆ ಹತ್ತಿಕೊಂಡೇ ಇದ್ದ ಅವರ ಕೆಂಪು ಬಾಳೆಯ ತೋಟ. ಇನ್ನೊಂದು, ಎತ್ತು ಆರಿಸುವ ಕಣ್ಣು. ಸುತ್ತಲಿನ ಹಳ್ಳಿಯವರು ಎತ್ತು ಕೊಳ್ಳಬೇಕೆಂದರೆ ಮೊದಲು ಅವರನ್ನು ಗಾಡಿಯಲ್ಲಿ ಕೂಡಿಸಿಕೊಂಡು ಸಂತೆಗೆ ಹೊರಡುತ್ತಿದ್ದರು. ಹಾಗೆ ನೋಡಿದರೆ ಮೂರನೆಯದೂ ಒಂದಿತ್ತು. ಅವರು ನಗುತ್ತಿರಲಿಲ್ಲ. ಅವರು ನಕ್ಕದ್ದನ್ನು ಕಂಡವರು ಊರಲ್ಲಿ ಯಾರೂ ಇರಲಿಲ್ಲ!

ಅವರಿಗೆ ಇಬ್ಬರು ಅಳಿಯಂದಿರು. ದೊಡ್ಡ ಅಳಿಯ ರಸ್ತೆ ಕಂತ್ರಾಟುದಾರ, ಬರುವುದೇ ಜೀಪಿನಲ್ಲಿ. ಅವನು ಬಂದರೆ ಮಾವನವರು ಅಂಗಳಕ್ಕೆ ಇಳಿದು "ಬರ್ರಿ ಅಳಿಯಂದ್ರ, ಬರ್ರಿ" ಎನ್ನುತ್ತಿದ್ದರು. ಬಸ್ಸಿಳಿದು ಬಂದ ನನಗೆ ಕಟ್ಟೆಯ ಮೇಲೆ ಕೂತಲ್ಲಿಂದಲೇ "ಬಂದ್ರೇನ್ ಮಾಸ್ತರ್?" ಎನ್ನುತ್ತಿದ್ದರು. ಹಾಜರಿ ಹಾಕಿದ ಹಾಗೆ! ಮದುವೆಯಾಗಿ ಮಕ್ಕಳು ಶಾಲೆಗೆ ಹೋಗುತ್ತಿದ್ದರೂ ಆ ಬಾಯಿಂದ ನನಗೆ 'ಅಳಿಯಾ' ಎಂಬ ಮಾತು ಒಮ್ಮೆಯೂ ಬಂದಿರಲಿಲ್ಲ. ನಗಬೇಡಿ, ಆ ಒಂದು ಮಾತು ಕೇಳಬೇಕೆಂಬುದೇ ನನ್ನ ಬಾಳಿನ ದೊಡ್ಡ ಆಸೆಯಾಗಿತ್ತು.

ಹೀಗಿರುವಾಗ ಒಂದು ದಿನ ತೋಟದ ಎದುರಿಗೆ, ರಸ್ತೆಯ ಆಚೆ ಬದಿಯಲ್ಲಿದ್ದ ಅವರದೇ ಹೊಲದ ಹಳ್ಳದಲ್ಲಿ ಕಾಲು ತೊಳೆಯುತ್ತಿದ್ದೆ. ಉಸುಕಿನಲ್ಲಿ ಏನೋ ಹಳದಿಯಾಗಿ ಮಿನುಗಿತು. ಅಂಗೈಯಲ್ಲಿ ಹಿಡಿದೆ. ಮತ್ತೂ ಮಿನುಗಿತು! ಅದಕ್ಕೆ ಸ್ವಲ್ಪ ಮೊದಲಷ್ಟೇ ರಾಯಚೂರು ಕಡೆಯ ಚಿನ್ನದ ಗಣಿಗೆ ಮಕ್ಕಳನ್ನು ಪ್ರವಾಸ ಕರೆದೊಯ್ದಿದ್ದೆನಾದ್ದರಿಂದ ನಾನಾಗ ಆ ವಿಷಯದಲ್ಲಿ ತಜ್ಞನೇ ಆಗಿದ್ದೆ. ಮಿನುಗುವ ಪುಡಿಯನ್ನು ಕಡ್ಡಿಪೆಟ್ಟಿಗೆಯಲ್ಲಿ ತುಂಬಿ, ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಗುಲಬರ್ಗಾಕ್ಕೆ ಬಂದೆ.

"ಪತ್ತಾರನಿಗೆ ಒಮ್ಮಿ ತೋರಿಸ್ರಿ" ಎಂದಳು ಸರೋಜಾ.

"ಹುಚ್ಚಿ! ಬಂಗಾರದ ಕೆಲಸ ಮಾಡೋ ಪತ್ತಾರನಿಗೇ ತೋರಿಸಿದ್ರ ಗುಟ್ಟು ಉಳೀತದೇನು? ನಾಳಿಗೆ ಇಡೀ ಊರು ಸಲಿಕಿ ಹಿಡ್ಕೊಂಡು ಹಳ್ಳಕ್ಕ ಇಳೀತದ."

"ನಾವೂ ಸಲಿಕಿ ಹಿಡ್ಕೊಂಡss ಇಳಿಯೋಣ್ರಿ."

"ಸಲಿಕಿಲೇ ಆಗೂದಲ್ಲ ಅದು. ಮಷೀನ್ ಬೇಕು. ಹೊಸಾದು ನಮ್ಮ ಕೈಗೆ ಹತ್ತಂಗಿಲ್ಲ, ಹಳೇದೊಂದು ನೋಡ್ತೀನಿ. ಆ ಶರಣಸಿರಸಗಿ ಪ್ಲಾಟ್ ಸುಮ್ನ ಬಿದ್ದದಲ್ಲ..."

ಶರಣಸಿರಸಗಿಯಲ್ಲಿ ನಮ್ಮದೊಂದು ಪ್ಲಾಟ್ ಇತ್ತು. ಸುತ್ತ ಬರೀ ಜಾಲಿಗಿಡ. ಮುಂದೆ ಮನೆ ಕಟ್ಟಿದಾಗ ದೇವರ ಕೋಣೆ ಎಲ್ಲಿ, ಅಡುಗೆಮನೆಯ ಕಿಟಕಿ ಯಾವ ಕಡೆಗೆ ಎಂದು ಸರೋಜಾ ಆಗಲೇ ತೀರ್ಮಾನಿಸಿ ಆಗಿತ್ತು. ಅವಳು ಸೆರಗು ಬಿಗಿದು ಎದ್ದು ನಿಂತಳು.

"ನಮ್ಮಪ್ಪ ಬಂದು ಮಷೀನ್ ನೋಡಿ ಹೂಂ ಅನ್ಲಿ. ಆಮ್ಯಾಲ ಮಾರ್ರಿ" ಎಂದಳು.

ಮಾವನವರು ಬಂದರು. ಕಡ್ಡಿಪೆಟ್ಟಿಗೆ ನೋಡಿದರು, ನನ್ನನ್ನು ನೋಡಿದರು. "ಬಂಗಾರ ಅದನೋ ಇಲ್ಲೋ ನನಗ ತಿಳಿಯಂಗಿಲ್ಲ ಮಾಸ್ತರ್. ಅದು ನಿಮ್ಮ ವಿದ್ಯಾ. ದುಡಿಯೋ ಮಾಲು ಆರಿಸೂದು ನನಗ ಬಿಡ್ರಿ" ಎಂದರು. ಹೀಗೆ ಚಿನ್ನದ ಖಾತೆ ನನಗೆ, ಮಷೀನಿನ ಖಾತೆ ಅವರಿಗೆ ಎಂದು ಹಂಚಿಕೆಯಾಯಿತು. ಪ್ರಪಂಚದ ಯಾವ ಮಂತ್ರಿಮಂಡಲದಲ್ಲೂ ಖಾತೆಗಳು ಇಷ್ಟು ತಪ್ಪಾಗಿ ಹಂಚಿಕೆಯಾಗಿರಲಾರವು!

ಕೋಟನೂರಿನ ಹತ್ತಿರ ಬಾಬುಮಿಯಾ ಎಂಬವರು ಹಳೆಯ ಮಷೀನುಗಳನ್ನು ಕೊಂಡು ಮಾರುತ್ತಿದ್ದರು. ನಾವಿಬ್ಬರೂ ಅಲ್ಲಿಗೆ ಹೋದೆವು. ಬೇವಿನ ಮರದ ಕೆಳಗೆ ಒಂದು ಮಷೀನು ತನ್ನ ಉದ್ದನೆಯ ಕೈ ಮಡಚಿಕೊಂಡು ಕೂತಿತ್ತು. ನಾನು ಬಲ್ಲವನ ಗತ್ತಿನಲ್ಲಿ ಹೋಗಿ ಅದರ ಚಕ್ರಗಳಿಗೆ ಸುತ್ತಿದ ಉಕ್ಕಿನ ಪಟ್ಟಿಗೆ ಒಂದು ಒದೆ ಕೊಟ್ಟೆ. ಮಷೀನಿಗೇನೂ ಆಗಲಿಲ್ಲ. ನಾನು ಬೇವಿನ ಮರಕ್ಕೆ ಒರಗಿ ಕೂತೆ, ಮುಂದಿನ ಪರೀಕ್ಷೆಯನ್ನೆಲ್ಲ ಕೂತಲ್ಲಿಂದಲೇ ನೋಡಬೇಕಾಯಿತು.

ಮಾವನವರು ಟವೆಲ್ ಹೆಗಲಿಗೇರಿಸಿ ಮಷೀನಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರು. ಬೆನ್ನು ಚಪ್ಪರಿಸಿದರು. ಕೈಯ ಮೇಲೆ ಸುಳಿ ಏನಾದರೂ ಇದೆಯೇ ಎಂದು ಸವರಿ ನೋಡಿದರು. ಕೆಟ್ಟ ಸುಳಿ ಇದ್ದ ಎತ್ತನ್ನು ಅವರು ಪುಕ್ಕಟೆ ಕೊಟ್ಟರೂ ತರುವವರಲ್ಲ. ಇಲ್ಲಿ ತುಕ್ಕು ಬಿಟ್ಟರೆ ಏನೂ ಸಿಗಲಿಲ್ಲ. ಕೊನೆಗೆ ಮಣ್ಣು ಬಾಚುವ ಬುಟ್ಟಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಅದರ ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿದರು. ಅವರ ಮುಖ ಅರಳಿತು.

"ಹಲ್ಲು ನೋಡ್ರಿ ಮಾಸ್ತರ್! ಒಂದೂ ಸವೆದಿಲ್ಲ. ಹರೇದ ಮಾಲು!"

"ಹಲ್ಲು ಮೊನ್ನಿ ಹೊಸಾ ಕೂಡಿಸೀನ್ರೀ ಅಪ್ಪಾರ. ಮಷೀನ್ ಬಹುತ್ ಪುರಾನಾ ಅದ" ಎಂದರು ಬಾಬುಮಿಯಾ.

"ಹಲ್ಲು ಹೊಸಾ ಕೂಡಸ್ತಾರಂತ! ನನಗ ಹೇಳ್ತಾನ" ಎಂದು ಮಾವನವರು ನನ್ನ ಕಡೆ ತಿರುಗಿ ಪಿಸುಗುಟ್ಟಿದರು. ಹಾಗೆ ಪಿಸುಗುಟ್ಟುವಾಗ ಅವರ ಬಾಯಲ್ಲಿ ಗುಲಬರ್ಗಾದ ದಂತವೈದ್ಯರು ಕೂಡಿಸಿಕೊಟ್ಟ ಹೊಚ್ಚ ಹೊಸ ಹಲ್ಲಿನ ಸೆಟ್ಟು ಬೆಳ್ಳಗೆ ಹೊಳೆಯುತ್ತಿತ್ತು!

ಬಾಬುಮಿಯಾ ಮೇಲೆ ಹತ್ತಿ ಮಷೀನು ಚಾಲೂ ಮಾಡಿದರು. ಬೇವಿನ ಮರದ ಹಕ್ಕಿಗಳೆಲ್ಲ ಹಾರಿಹೋದವು. ಕಪ್ಪು ಹೊಗೆ ಎದ್ದಿತು. "ಹೆಂಗ ಬುಸುಗುಡ್ತದ ನೋಡ್ರಿ" ಎಂದು ಮಾವ ಮೆಚ್ಚಿದರು.

"ಡೀಸೆಲ್ ಭಾಳ ಕುಡೀತದ್ರೀ ಇದು. ಮೊದ್ಲss ಹೇಳಿರ್ತೀನಿ."

"ಕುಡೀಲಿ! ಮೇಯಲಾರದ ಎತ್ತು ದುಡೀತದೇನು?"

"ಇನ್ನೊಂದ್ ಮಾತ್ರೀ. ಇದು ಎಡಕ್ಕ ಹೊಳ್ಳತದ, ಬಲಕ್ಕ ಹೊಳ್ಳಂಗಿಲ್ಲ. ಸಚ್ ಬೋಲ್ತೂಂ. ನಿಮ್ಮಂಥ ದೊಡ್ಡ ಮನಶಾರಿಗೆ ಸುಳ್ಳು ಹೇಳಂಗಿಲ್ಲ. ಇದು ಬ್ಯಾಡ್ರಿ ನಿಮಗ, ಬ್ಯಾರೇದು ತೋರಸ್ತೀನಿ."

ಇಷ್ಟು ಪ್ರಾಮಾಣಿಕ ವ್ಯಾಪಾರಿಯನ್ನು ನಾನು ಮುಂದೆ ಎಂದೂ ಕಾಣಲಿಲ್ಲ. ಆದರೆ ಮಾವನವರು ಸಂತೆಯಲ್ಲಿ ತಲೆ ನರೆತವರು. ನನ್ನನ್ನು ಮರದ ಹಿಂದಕ್ಕೆ ಎಳೆದುಕೊಂಡು ಹೋದರು.

"ಕೇಳಿದ್ರೇನ್? ಬ್ಯಾಡ ಅನ್ನಾಕತ್ತಾನ! ಕೆಟ್ಟ ಎತ್ತು ಇದ್ದಂವಾ ಹೊಗಳ್ತಾನ. ಚಲೋ ಎತ್ತು ಇದ್ದಂವಾ ಬಿಟ್ಟುಕೊಡಾಕ ಮನಸಿಲ್ದ ಹಿಂಗss ತೆಗಳ್ತಾನ."

"ಆದ್ರ ಮಾವಾ, ಬಲಕ್ಕ ಹೊಳ್ಳಂಗಿಲ್ಲ ಅಂತಾನಲ್ಲ..."

"ಅದು ಎಡಗಡೆ ಎತ್ತು! ನೊಗದ ಎಡಕ್ಕ ಹೂಡಿ ರೂಢಿ ಆಗಿರ್ತದ. ಅಷ್ಟೂ ತಿಳಿಯಂಗಿಲ್ಲೇನ್ ಮಾಸ್ತರ್?"

ನನಗೆ ತಿಳಿಯಿತು. ಅಂದರೆ, ತಿಳಿಯಿತು ಎಂದು ತಲೆಯಾಡಿಸಿದೆ. ಇಲ್ಲ ಎಂದರೆ 'ಅಳಿಯಾ' ಎನಿಸಿಕೊಳ್ಳುವ ಯೋಗ ಇನ್ನೂ ದೂರ ಹೋದೀತೆಂಬ ಭಯ! ಬಂದು ಸರೋಜಳಿಗೆ ಹೇಳಿದೆ. ಅಪ್ಪ ಹೂಂ ಅಂದಿದ್ದರು, ಅವಳೂ ಹೂಂ ಅಂದಳು. ಜಾಲಿಗಿಡಗಳ ನಡುವಿನ ದೇವರ ಕೋಣೆ, ಅಡುಗೆಮನೆಯ ಕಿಟಕಿ ಎರಡೂ ಮಷೀನಾದವು.

ಸಾಗಿಸುವ ದಿನ ಲಾರಿಯ ಮೇಲೆ ಮಷೀನು ಹೇರಿ, ಶರಣಬಸವೇಶ್ವರ ಗುಡಿಯ ಹತ್ತಿರ ನಿಲ್ಲಿಸಿ ಕಾಯಿ ಒಡೆಸಿದೆವು. ಮಾವನವರು ಮಷೀನಿನ ಕೈಗೆ ಗೆಜ್ಜೆಸರ ಕಟ್ಟಿದರು, ಹಣೆ ಎಲ್ಲಿದೆಯೆಂದು ಹುಡುಕಿ ಕುಂಕುಮ ಹಚ್ಚಿದರು. ಕಾಲೇಜಿನ ಹುಡುಗಿಯರು ನಿಂತು ನೋಡಿ ನಕ್ಕರು. ದಾರಿಯುದ್ದಕ್ಕೂ ಗೆಜ್ಜೆ ಘಲ್ ಘಲ್ ಎನ್ನುತ್ತಿತ್ತು. ನಿಜ ಹೇಳುತ್ತೇನೆ, ನನ್ನ ಮದುವೆಯ ಮೆರವಣಿಗೆಯಲ್ಲೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ಕಮಲಾಪುರದಲ್ಲಿ ಊರೇ ಸೇರಿತ್ತು. ಮಷೀನು ರಸ್ತೆಯ ಮೇಲೆ ಇಳಿಯಿತು. ಬಾಬುಮಿಯಾ ತಾವೇ ನಡೆಸಲು ಬಂದಿದ್ದರು. ಅವರ ಎಡಕ್ಕೆ ಬಾಳೆಯ ತೋಟ, ಬಲಕ್ಕೆ ಚಿನ್ನದ ಹಳ್ಳ. ಅವರು ಮೇಲಿಂದಲೇ ಕೂಗಿದರು:

"ಮಾಸ್ತರ್ ಸಾಬ್, ಹಳ್ಳ ಬಲಕ್ಕದ! ಹೆಂಗ ಹೋಗ್ಲಿ?"

ಎಲ್ಲರೂ ನನ್ನನ್ನು ನೋಡಿದರು. ಮಾವನವರೂ ನೋಡಿದರು. ಭೂಗೋಳಕ್ಕೆ ಇದಕ್ಕಿಂತ ದೊಡ್ಡ ಅವಕಾಶ ಇನ್ನೆಂದು ಬಂದೀತು? ಒಂದು ಕಡ್ಡಿ ತೆಗೆದುಕೊಂಡು ನೆಲದ ಮೇಲೆ ನಕ್ಷೆ ಬರೆದೆ.

"ಎಡಕ್ಕ ಹೊಳ್ರಿ, ಮತ್ತ ಎಡಕ್ಕ, ಮತ್ತೊಮ್ಮಿ ಎಡಕ್ಕ. ಮಾರಿ ತಾನss ಹಳ್ಳದ ಕಡೆ ಬರ್ತದ. ದಿಕ್ಕಿನ ಲೆಕ್ಕಾ ಅದು!"

ಲೆಕ್ಕ ನೂರಕ್ಕೆ ನೂರು ಸರಿ ಇತ್ತು. ಅದರಲ್ಲಿ ಬಾಳೆಯ ತೋಟ ಒಂದನ್ನು ಹಿಡಿದಿರಲಿಲ್ಲ ಅಷ್ಟೇ.

ಮೊದಲ ಎಡಕ್ಕೆ ಬೇಲಿ ಹೋಯಿತು. ಎರಡನೆಯ ಎಡಕ್ಕೆ ಕೆಂಪು ಬಾಳೆಯ ಸಾಲುಗಳು ಗೊನೆ ಸಮೇತ ಮಲಗಿದವು. "ಇನ್ನೊಂದss ಎಡ! ಇನ್ನೊಂದss!" ಎಂದು ಕಡ್ಡಿ ಬೀಸುತ್ತ ನಾನು ಹಿಂದೆ ಓಡಿದೆ. ಮೂರನೆಯ ಎಡಕ್ಕೆ ಮಷೀನಿನ ಮುಖ ನಿಜವಾಗಿಯೂ ಹಳ್ಳದ ಕಡೆ ಬಂತು. "ನೋಡಿದ್ರೇನು!" ಎಂದು ನಾನು ಜನರತ್ತ ತಿರುಗುವಷ್ಟರಲ್ಲಿ ಹಿಂದೆ ಬಸಕ್ ಎಂದು ಸದ್ದಾಯಿತು. ಬೆಳಿಗ್ಗೆಯಷ್ಟೇ ತೋಟಕ್ಕೆ ನೀರು ಬಿಟ್ಟಿದ್ದರು. ಮಷೀನು ಹೊಟ್ಟೆಯವರೆಗೆ ಕೆಸರಿನಲ್ಲಿ ಕೂತಿತ್ತು.

ಬಾಬುಮಿಯಾ ಅದರ ಕೈಯನ್ನೇ ನೆಲಕ್ಕೂರಿ ಮೇಲೇಳಿಸಲು ನೋಡಿದರು. ಊರಿದಷ್ಟೂ ಮಣ್ಣು ಎದ್ದಿತು, ಎದ್ದಷ್ಟೂ ಮಷೀನು ಇಳಿಯಿತು. ಒಮ್ಮೆ ಕೆಮ್ಮಿ ನಿಂತುಹೋಯಿತು. ತನ್ನ ಬಾಳಿನ ಕೊನೆಗಾಲದಲ್ಲಿ ಅದು ತೋಡಿದ್ದು ಒಂದೇ ಒಂದು ಗುಂಡಿ. ಅದೂ ತನಗಾಗಿ!

ತಮಾಷೆ ನೋಡಲು ಬಂದವರಲ್ಲಿ ಊರ ಪತ್ತಾರನೂ ಇದ್ದ. ಇನ್ನು ಗುಟ್ಟು ಇಟ್ಟು ಮಾಡುವುದೇನಿದೆ? ಕಡ್ಡಿಪೆಟ್ಟಿಗೆ ಅವನ ಕೈಗಿಟ್ಟೆ. ಅವನು ಬೆರಳಲ್ಲಿ ಉಜ್ಜಿ ನೋಡಿದ.

"ಬಂಗಾರ ಅಲ್ರೀ ಇದು ಮಾಸ್ತರ್, ಕಾಗಿಬಂಗಾರ! ಅಭ್ರಕ, ಅಭ್ರಕ. ನಿಮ್ಮ ಸಾಲ್ಯಾಗ ಓದೋ ನನ್ನ ಮಗಾ ಮೊನ್ನಿ ಇದನ್ನss ಬಾಯಿಪಾಠ ಮಾಡಾಕತ್ತಿದ್ದ."

ಮಾವನವರು ಮಲಗಿದ ಬಾಳೆಗಿಡಗಳನ್ನು ನೋಡುತ್ತ ನಿಂತಿದ್ದರು. ಮಕ್ಕಳಂತೆ ಸಾಕಿದ ಗಿಡಗಳು. ಆಮೇಲೆ ಮಷೀನನ್ನು ನೋಡಿದರು. ಕೈಗೆ ಕಟ್ಟಿದ ಗೆಜ್ಜೆ ಇನ್ನೂ ಸಣ್ಣಗೆ ಅಲ್ಲಾಡುತ್ತಿತ್ತು. ಆಮೇಲೆ ಕೆಸರು ಮೆತ್ತಿದ ಕಡ್ಡಿ ಹಿಡಿದು ನಿಂತ ನನ್ನನ್ನು. ಇನ್ನು 'ಮಾಸ್ತರ್' ಎಂಬ ಮರ್ಯಾದೆಯೂ ಹೋಯಿತು ಎಂದುಕೊಂಡೆ.

ಆಗ ಅವರು ನಕ್ಕರು!

ಮೊದಲು ಹೊಟ್ಟೆ ಕುಣಿಯಿತು, ಆಮೇಲೆ ಹೆಗಲು. "ಎಡಗಡೆ ಎತ್ತು! ಎಡಗಡೆ ಎತ್ತು ಅಂತ ನಾನss ಅಂದೆನಲ್ಲೋ!" ಎಂದು ತೊಡೆ ತಟ್ಟಿಕೊಂಡು ನಕ್ಕರು. ಎಷ್ಟೋ ವರ್ಷ ಒಳಗೇ ಕಟ್ಟಿಹಾಕಿದ್ದ ನಗುವೆಲ್ಲ ಒಮ್ಮೆಲೇ ಹೊರಬಂತು. ಆ ರಭಸಕ್ಕೆ ಬಾಯಲ್ಲಿದ್ದ ಹೊಸ ಹಲ್ಲಿನ ಸೆಟ್ಟು ಹಾರಿ ಗುಂಡಿಯೊಳಗೆ ಬಿತ್ತು. ಬೊಚ್ಚುಬಾಯಿಯಲ್ಲೇ ನನ್ನ ಹೆಗಲಿಗೆ ಕೈ ಹಾಕಿ ಅವರು ಹೇಳಿದರು:

"ತೋಡ್ರಿ ಅಳಿಯಾ, ತೋಡ್ರಿ! ಈ ತೋಟದಾಗ ಬೆಲೆ ಬಾಳೂ ಮಾಲು ಈಗ ಬಿದ್ದದ ನೋಡ್ರಿ!"

ನಾನು ಮೊಣಕಾಲೂರಿ ಎರಡೂ ಕೈಯಿಂದ ತೋಡಿದೆ. ಕಣ್ಣಲ್ಲಿ ನೀರು ಬರುತ್ತಿತ್ತು, ಜನ ಅದನ್ನು ಕೆಸರು ಎಂದುಕೊಂಡರು. ಹಲ್ಲಿನ ಸೆಟ್ಟು ಸಿಕ್ಕಿತು. ನನ್ನ ಗಣಿಗಾರಿಕೆಯ ಒಟ್ಟು ಉತ್ಪನ್ನ ಅದೇ.

ಮಷೀನನ್ನು ಎಳೆಸುವ ಖರ್ಚಿಗೆ ಇನ್ನೊಂದು ಪ್ಲಾಟ್ ಬೇಕಾಗುತ್ತಿತ್ತು. ಅದು ಅಲ್ಲೇ ಉಳಿಯಿತು. ಸುತ್ತ ಮತ್ತೆ ಬಾಳೆ ಎದ್ದಿತು. ಚಾಲಕನ ಸೀಟಿನಲ್ಲಿ ಕೋಳಿಗಳು ಮೊಟ್ಟೆಯಿಟ್ಟವು. ಪ್ರತಿ ಕಾರಹುಣ್ಣಿಮೆಗೆ ಮಾವನವರು ಎತ್ತುಗಳ ಜೊತೆ ಅದಕ್ಕೂ ಬಣ್ಣ ಬಳಿದರು. ಸಂಜೆ ಅದರ ಪಟ್ಟಿಯ ಮೇಲೆ ಕೂತು ಚಹಾ ಕುಡಿಯುತ್ತ, ಬಂದವರಿಗೆಲ್ಲ "ನಮ್ಮ ಅಳಿಯಾ ತಂದದ್ದು" ಎಂದು ಕಥೆ ಹೇಳಿ ನಗುತ್ತಿದ್ದರು. ಕೇಳಿದವರು ಊರಿಗೆಲ್ಲ ಹೇಳಿದರು. ಬಸ್ಸುಗಳು ಅಲ್ಲಿ ನಿಲ್ಲತೊಡಗಿದವು.

ಮಾವ ಈಗಿಲ್ಲ. ಆ ನಗು ನೆನಪಾದರೆ ಈಗಲೂ ನನ್ನ ಎದೆ ತುಂಬಿ ಬರುತ್ತದೆ. ಶರಣಸಿರಸಗಿಯ ಆ ಜಾಲಿಗಿಡಗಳ ಜಾಗದಲ್ಲಿ ಈಗ ಸಾಲು ಸಾಲು ಮನೆಗಳು. ಆ ಕಡೆ ಹೋಗುವ ಪ್ರಸಂಗ ಬಂದರೆ ನಾನು ಬೇರೆ ದಾರಿ ಹಿಡಿಯುತ್ತೇನೆ, ಬಲಕ್ಕೆ ತಿರುಗಬೇಕಾದರೂ ಸರಿ.

ಮೊನ್ನೆ ಸರೋಜಳ ಜೊತೆ ಕಮಲಾಪುರದ ಬಸ್ಸಿನಲ್ಲಿದ್ದೆ. ಕಂಡಕ್ಟರ್ ಸೀಟಿ ಊದಿ ಕೂಗಿದ:

"ಅಳಿಯಾನ ಮಷೀನ್! ಅಳಿಯಾನ ಮಷೀನ್ ಇಳಿಯೋರು ಬರ್ರಿ!"

ಪಕ್ಕದಲ್ಲಿದ್ದ ಹೊಸಬರೊಬ್ಬರು ಕುತೂಹಲದಿಂದ ಕೇಳಿದರು. "ಯಾರ್ರೀ ಆ ಅಳಿಯಾ?"

ನಾನು ಕಿಟಕಿಯ ಕಡೆ ಮುಖ ಮಾಡಿ, "ಯಾರೋ ಹುಚ್ಚ ಇರಬೇಕು ಬಿಡ್ರಿ" ಎಂದೆ.

"ಇವರss ನೋಡ್ರಿ!" ಎಂದಳು ಸರೋಜಾ, ಇಡೀ ಬಸ್ಸಿಗೆ ಕೇಳುವಂತೆ.